ಕಣ್ಣಿನ ಪರದೆಗೆ ರಕ್ತ ನಿಂತ್ರ ಅರಿಶಿಣ, ಚೆಂಡು ಹೂ, ಗ್ರೀನ್ ಟೀ ಸಾರ ಕಾಪಾಡ್ತಾವೇನ್ರಿ?

ಸಿಂಧನೂರು ಸೊಸೆ
ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಮಾವನವರಿಗೆ ಎಡಗಣ್ಣಿನ ಪರದೆ ಮ್ಯಾಲ ರಕ್ತದ ನರ ಬ್ಲಾಕ್ ಆಗ್ಯದ. ದೊಡ್ಡ ನರ ಅಲ್ಲ, ಅದರದೊಂದು ಟೊಂಗಿ ಅಂತ ಡಾಕ್ಟ್ರು ಹಾಳಿ ಮ್ಯಾಲ ಚಿತ್ರ ಬರ್ದು ತೋರ್ಸಿದ್ರು. ಕೆಟ್ಟ ರಕ್ತ ವಾಪಸ್ ಹೋಗೋ ನರ ಅಂತ. ಪರದೆ ನಡುವ ನೀರು ತುಂಬಿ ಬಾತದ, ಅದಕ್ಕ ಕಣ್ಣಿನೊಳಗ ಇಂಜೆಕ್ಷನ್ ಶುರು ಮಾಡ್ಯಾರ. ಬಿಪಿ ಹಳೇದು. ಗುಳಿಗಿ ನೆನಪಾದಾಗ ತಗೊಳ್ಳೋ ಮನುಷ್ಯಾ.

ಇದರ ನಡುವ ಬೀಗರ ಕಡೆಯವರೊಬ್ರು ಒಂದು ಡಬ್ಬಿ ತಂದುಕೊಟ್ಟಾರ. ಅರಿಶಿಣದ ಕರ್ಕ್ಯುಮಿನ್, ಕರಿಮೆಣಸಿನ ಪೈಪರಿನ್, ಚೆಂಡು ಹೂವಿನ ಲ್ಯೂಟಿನ್, ಗ್ರೀನ್ ಟೀ ಸಾರ, ಗಿಂಕ್ಗೊ ಮರದ ಎಲಿ ಸಾರ ಅಂತ ಬರದದ. ಪರದೆಗೆ ರಕ್ತ ಕಡಿಮಿ ಆದಾಗ ಇದು ಕಾಪಾಡ್ತದ ಅಂತ ವಿದೇಶದಾಗ ಸಂಶೋಧನಾ ಆಗ್ಯದ ಅಂತ ಮಾರಾವ ಮೊಬೈಲ್‌ನಾಗ ಇಂಗ್ಲಿಷ್ ಲೇಖನ ಬ್ಯಾರೆ ತೋರ್ಸಿದ. ಈಗ ಮಾವನವರು "ಸೂಜಿ ಬ್ಯಾಡ, ಇದ ಸಾಕು" ಅಂತ ಹಟ ಹಿಡದಾರ. ಆ ಸಂಶೋಧನಾ ಖರೇನೋ ಸುಳ್ಳೋ, ತಿಳದವ್ರು ಹೇಳ್ರಿ.

ಬಿಸಿಲ ನಾಡು
ಅರಿಶಿಣದಾಗ ಇಲ್ಲದ್ದು ಯಾವ ಇಂಜೆಕ್ಷನ್‌ನಾಗ ಅದ? ನಮ್ಮ ಅರಿಶಿಣಾನೇ ಅಮೆರಿಕದವ್ರು ಪೇಟೆಂಟ್ ಮಾಡ್ಕೊಂಡಿದ್ರು, ಗೊತ್ತಿಲ್ಲೇನು? ಸುಮ್ನ ಕೊಡ್ರಿ, ಸೈಡ್ ಎಫೆಕ್ಟ್ ಇಲ್ಲ.

ಗುಳಿಗಿ ಮಾಸ್ತರ
ಅಕ್ಕಾರೆ, ನಾನು ಬಳ್ಳಾರಿ ಕಡೆ ಫಾರ್ಮಸಿ ಹುಡುಗರಿಗೆ ಪಾಠ ಮಾಡೋನು, ಕಣ್ಣಿನ ಡಾಕ್ಟ್ರಲ್ಲ. ಮೊದಲು ಒಂದು ಮಾತು: ಇಂಜೆಕ್ಷನ್ ಬಿಡಿಸಬೇಡಿ. ಉಳಿದದ್ದು ನಿಧಾನಕ್ಕೆ ಮಾತಾಡೋಣ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳಕ್ಕಾಗಲ್ಲ.

ಸಂಶೋಧನೆ ಸುಳ್ಳಲ್ಲ. ಕರ್ಕ್ಯುಮಿನ್ ಬಗ್ಗೆ 2011ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಲೇಖನ ಐತೆ. ಲ್ಯೂಟಿನ್, ಗ್ರೀನ್ ಟೀಯ ಇಜಿಸಿಜಿ, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಈರುಳ್ಳಿಯ ಕ್ವೆರ್ಸೆಟಿನ್, ಕೇಸರಿಯ ಕ್ರೋಸಿನ್ ಇವೆಲ್ಲದರ ಮೇಲೂ ಇಂಥವು ಬಂದಾವೆ. ಆದ್ರೆ ಪ್ರಯೋಗ ಹೆಂಗೆ ಮಾಡ್ತಾರೆ ಅನ್ನೋದನ್ನ ಮಾರೋನು ಹೇಳಿರಲ್ಲ.

ಇಲಿಗೆ ಅರಿವಳಿಕೆ ಕೊಟ್ಟು ಕಣ್ಣಿನ ಮುಂಭಾಗಕ್ಕೆ ಕೂದಲೆಳೆಯಂಥ ಸೂಜಿ ಚುಚ್ತಾರೆ. ಸೂಜಿಗೆ ಪೈಪು, ಪೈಪಿನ ಆ ತುದಿಗೆ ಸಲೈನ್ ಬಾಟ್ಲಿ. ಬಾಟ್ಲಿ ಮೇಲಕ್ಕೆ ಏರಿಸಿದಂಗೆಲ್ಲ ಕಣ್ಣೊಳಗಿನ ಪ್ರೆಶರ್ ಏರ್ತದೆ. ಮನುಷ್ಯರಿಗೆ ಸಹಜವಾಗಿ ಇರೋದು 10ರಿಂದ 21 ಮಿಲಿಮೀಟರ್ ಪಾದರಸ. ಇಲಿ ಕಣ್ಣಲ್ಲಿ ಅದನ್ನ 110, 120ರ ತನಕ ಒಯ್ತಾರೆ. ರಕ್ತನಾಳ ಅಪ್ಪಚ್ಚಿಯಾಗಿ ಕೆಂಪಗಿದ್ದ ಪರದೆ ಬಿಳಚಿಕೊಳ್ತದೆ. ಸಾಮಾನ್ಯವಾಗಿ ಒಂದು ತಾಸು ಹಂಗೇ ಹಿಡಿದು ಸೂಜಿ ಕೀಳ್ತಾರೆ, ರಕ್ತ ವಾಪಸ್ ಹರೀತದೆ. ಕೆಲವು ದಿನ ಬಿಟ್ಟು ಪರದೆಯನ್ನ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮೆದುಳಿಗೆ ಸುದ್ದಿ ಒಯ್ಯೋ ಗ್ಯಾಂಗ್ಲಿಯಾನ್ ಕೋಶ ಎಷ್ಟು ಉಳಿದಾವೆ ಅಂತ ಎಣಿಸ್ತಾರೆ. ಸಾರ ತಿಂದ ಇಲಿಯಲ್ಲಿ ಹೆಚ್ಚು ಉಳಿದಿದ್ರೆ, "ರಕ್ಷಣೆ ಕೊಡ್ತು" ಅಂತ ಬರೀತಾರೆ.

ಈಗ ಮುಖ್ಯ ವಿಷಯ. ಇಂಥ ಪ್ರಯೋಗಗಳಲ್ಲಿ ಬಹಳಷ್ಟು ಸಲ ಸಾರವನ್ನ ಗಾಯ ಮಾಡೋ ಮೊದಲೇ ಕೊಟ್ಟಿರ್ತಾರೆ. ಆ 2011ರ ಲೇಖನದಲ್ಲೂ ಗ್ಯಾಂಗ್ಲಿಯಾನ್ ಕೋಶ ಉಳಿದದ್ದು ಎರಡು ದಿನ ಮುಂಚಿನಿಂದ ಮೇವಲ್ಲಿ ಕರ್ಕ್ಯುಮಿನ್ ತಿಂದ ಇಲಿಗಳಲ್ಲಿ. ಗಾಯ ಆಗಿ ಎರಡು ದಿನದ ಮೇಲೆ ಕೊಟ್ಟಾಗ ಅವರು ಗುಣ ಕಂಡದ್ದು ಸಣ್ಣ ರಕ್ತನಾಳಗಳಲ್ಲಿ. ನಿಮ್ಮ ಮಾವನವರಿಗೆ ಬ್ಲಾಕ್ ಆಗಿ ಮುಗಿದೈತೆ.

ಕನಕಗಿರಿ ಹೊಲ
ಮಾಸ್ತರ, ಒಂದು ತಿಳೀವಲ್ದು. ರಕ್ತ ನಿಂತ್ರ ಕೋಶ ಸಾಯ್ತಾವ, ಅದು ಸರಿ. ರಕ್ತ ವಾಪಸ್ ಬಂದ್ಮ್ಯಾಲ ಮತ್ಯಾಕ ಸಾಯ್ಬೇಕು? ಒಣಗಿ ಬಿರಕ ಬಿಟ್ಟ ಕಾಲುವಿಗೆ ಒಮ್ಮಿಗೇ ನೀರು ಬಿಟ್ರ ಏರಿ ಒಡೀತೈತಲ್ಲ, ಹಂಗೇನು?

ಗುಳಿಗಿ ಮಾಸ್ತರ
ಅರ್ಧ ಹಂಗೆ ಅಣ್ಣಾರೆ. ಏರಿ ಒಡೆಯೋದು ನೀರಿನ ರಭಸಕ್ಕೆ. ಇಲ್ಲಿ ರಭಸ ಅಲ್ಲ, ಮರಳಿ ಬಂದ ಆಮ್ಲಜನಕವೇ ತೊಂದರೆ ಕೊಡೋದು.

ನಮ್ಮ ದೇಹದಲ್ಲಿ ತೂಕಕ್ಕೆ ತಕ್ಕಂಗೆ ನೋಡಿದ್ರೆ ಅತಿ ಹೆಚ್ಚು ಆಮ್ಲಜನಕ ಉಣ್ಣೋ ಅಂಗಗಳಲ್ಲಿ ರೆಟಿನಾ, ಅಂದ್ರೆ ಈ ಪರದೆ, ಒಂದು. ದಪ್ಪ ನೋಡಿದ್ರೆ ಸುಮಾರು ಕಾಲು ಮಿಲಿಮೀಟರ್. ಒಳಪದರಕ್ಕೆ ರಕ್ತ ಕೊಡೋದು ಕಣ್ಣಿನ ನರದ ನಡುವೆ ಬರೋ ಒಂದೇ ಅಪಧಮನಿ, ಹೊರಪದರಕ್ಕೆ ಹಿಂದಿನ ಕೋರಾಯ್ಡ್ ಪದರ. ಆ ಒಂದು ಅಪಧಮನಿ ನಿಂತ್ರೆ ಒಳಪದರದ ಗ್ಯಾಂಗ್ಲಿಯಾನ್ ಕೋಶಗಳಿಗೆ ಬೇರೆ ದಾರಿಯಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಕೋರಾಯ್ಡ್ ಕಡೆಯಿಂದ ಇನ್ನೊಂದು ಸಣ್ಣ ನಾಳ ಬಂದಿರ್ತದೆ, ಅಂಥವರ ನಡುನೋಟ ಕೆಲವೊಮ್ಮೆ ಉಳೀತದೆ. ಅದು ಅದೃಷ್ಟ ಅಷ್ಟೇ.

ರಕ್ತ ನಿಂತಾಗ ಕೋಶದ ಶಕ್ತಿ ಖಾಲಿಯಾಗಿ ಗ್ಲುಟಮೇಟ್ ಅನ್ನೋ ಸಂದೇಶವಾಹಕ ಹೊರಗೆ ಚೆಲ್ತದೆ. ಅದು ಪಕ್ಕದ ಕೋಶಗಳ ಬಾಗಿಲು ತೆಗೆಸಿ ಕ್ಯಾಲ್ಸಿಯಂ ಒಳಗೆ ನುಗ್ಗಿಸ್ತದೆ. ಇದು ಮೊದಲ ಪೆಟ್ಟು. ಆಮೇಲೆ ರಕ್ತ ವಾಪಸ್ ಬಂದಾಗ, ಕೋಶಕ್ಕೆ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾಗಳು ಕೆಟ್ಟು ಕೂತಿರ್ತಾವೆ, ಆ ಆಮ್ಲಜನಕವನ್ನ ಸರಿಯಾಗಿ ಉರಿಸಲಾರದೆ ಫ್ರೀ ರಾಡಿಕಲ್ ಅನ್ನೋ ಸುಡೋ ಕಣ ಹುಟ್ಟಿಸ್ತಾವೆ. ಕೋಶದ ಪೊರೆ ಸುಡ್ತದೆ, ಉರಿಯೂತದ ಕೋಶಗಳು ಓಡಿ ಬರ್ತಾವೆ. ಇದು ಎರಡನೇ ಪೆಟ್ಟು, ಗಂಟೆಗಳಿಂದ ದಿನಗಳ ತನಕ ನಡೀತದೆ.

ಸಸ್ಯದ ಸಾರಗಳು ಕೆಲಸ ಮಾಡೋದು ಹೆಚ್ಚಾಗಿ ಈ ಎರಡನೇದರ ಮೇಲೆ. ಕರ್ಕ್ಯುಮಿನ್, ಇಜಿಸಿಜಿಯಂಥವು ಒಂದೊಂದಾಗಿ ಫ್ರೀ ರಾಡಿಕಲ್ ಹಿಡಿದು ಕೊಲ್ತಾವೆ ಅಂತ ಜಾಹೀರಾತಿನವರು ಹೇಳ್ತಾರೆ. ಅಷ್ಟೇ ಆಗಿದ್ರೆ ಅಂಥ ಪ್ರಯೋಜನ ಇರ್ತಿರಲಿಲ್ಲ. ಅವು ಎನ್‌ಆರ್‌ಎಫ್2 ಅನ್ನೋ ಪ್ರೋಟೀನನ್ನ ಎಬ್ಬಿಸಿ, ಕೋಶ ತನ್ನದೇ ರಕ್ಷಣೆಯ ಕಿಣ್ವಗಳನ್ನ ತಯಾರಿಸೋ ಹಂಗೆ ಮಾಡ್ತಾವೆ. ಜೊತೆಗೆ ಉರಿಯೂತ ನಡೆಸೋ ಎನ್‌ಎಫ್-ಕೆಬಿ ದಾರಿಯನ್ನ ತಗ್ಗಿಸ್ತಾವೆ. ಕಿಣ್ವ ತಯಾರಾಗಕ್ಕೆ ಹೊತ್ತು ಬೇಕು. ಮುಂಚೆಯೇ ಕೊಟ್ಟ ಇಲಿಯಲ್ಲಿ ಫಲ ಚೆನ್ನಾಗಿ ಕಾಣೋದಕ್ಕೆ ಇದೂ ಒಂದು ಕಾರಣ.

ತೋರಣಗಲ್ಲು ಶಿಫ್ಟ್
ಹಂಗಾದ್ರೆ ಸರ್, ನೇರವಾಗಿ ಕೇಳ್ತೀನಿ. ನನಗೆ ಬಿಪಿ ಐತೆ, ಸಿಗರೇಟು ಬಿಟ್ಟಿಲ್ಲ, ಫರ್ನೇಸ್ ಹತ್ರ ಕೆಲಸ. ಮುಂಚೆಯೇ ತಿಂದ ಇಲಿ ಬದುಕ್ತು ಅಂತ ನೀವೇ ಹೇಳಿದ್ರಿ. ಬ್ಲಾಕ್ ಆಗೋ ಮೊದಲೇ ನಾನು ದಿನಾ ಒಂದು ಕ್ಯಾಪ್ಸೂಲ್ ನುಂಗಿದ್ರೆ ತಪ್ಪೇನು? ಇಲಿಗೊಂದು ನ್ಯಾಯ ನನಗೊಂದು ನ್ಯಾಯನಾ?

ಗುಳಿಗಿ ಮಾಸ್ತರ
ಈ ದಾರದಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಇದು. ತರ್ಕ ತಪ್ಪಿಲ್ಲ. ಲೆಕ್ಕ ಹಾಕಿ ನೋಡೋಣ.

ಅರಿಶಿಣ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ನೂರಕ್ಕೆ 3ರಷ್ಟು. ಒಂದು ಸಣ್ಣ ಚಮಚ, ಅಂದ್ರೆ 3 ಗ್ರಾಂ ಪುಡಿ ತಿಂದ್ರೆ ಸಿಗೋದು 90 ಮಿಲಿಗ್ರಾಂ. ಅದರಲ್ಲೂ ಕರುಳು ಒಳಗೆ ಬಿಟ್ಟುಕೊಳ್ಳೋದು ಅತ್ಯಲ್ಪ, ಬಿಟ್ಟುಕೊಂಡದ್ದನ್ನ ಲಿವರ್ ತಕ್ಷಣ ಬೇರೆ ರೂಪಕ್ಕೆ ತಿರುಗಿಸಿ ಹೊರಗೆ ಹಾಕ್ತದೆ. ಇದನ್ನ ತೋರಿಸಿಕೊಟ್ಟವರು ನಮ್ಮವರೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಆರೋಗ್ಯವಂತ ಜನರಿಗೆ ಒಮ್ಮೆಗೇ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ನೋಡಿದ್ರು. ಅಷ್ಟು ಕರ್ಕ್ಯುಮಿನ್‌ಗೆ ಅರಿಶಿಣ ಪುಡಿಯೇ ಬೇಕಂದ್ರೆ 60 ಗ್ರಾಂ ದಾಟ್ತದೆ. ರಕ್ತದಲ್ಲಿ ಕಂಡದ್ದು ಇಲ್ಲವೇ ಇಲ್ಲ ಅನ್ನೋವಷ್ಟು. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಸುಮಾರು 20 ಪಟ್ಟು ಏರಿತು. ಡಬ್ಬಿ ಮೇಲೆ "2000 ಪರ್ಸೆಂಟ್ ಹೆಚ್ಚು ಹೀರಿಕೆ" ಅಂತ ದಪ್ಪಕ್ಷರದಲ್ಲಿ ಹಾಕ್ತಾರಲ್ಲ, ಅದರ ಮೂಲ ಇದೇ. ಇಲ್ಲವೇ ಇಲ್ಲ ಅನ್ನೋದರ 20 ಪಟ್ಟು ಎಷ್ಟಾಯ್ತು ಅಂತ ಡಬ್ಬಿ ಹೇಳಲ್ಲ.

ರಕ್ತಕ್ಕೆ ಬಂದ ಮೇಲೂ ಪರದೆ ಮುಟ್ಟಬೇಕು. ಮೆದುಳಿಗೆ ಇರೋಂಗೆ ರೆಟಿನಾಕ್ಕೂ ಒಂದು ತಡೆಗೋಡೆ ಐತೆ, ಕಂಡದ್ದನ್ನೆಲ್ಲ ಒಳಗೆ ಬಿಡಲ್ಲ. ಹಂಗಂತ ಡ್ರಾಪ್ಸ್ ಮಾಡಿ ಹಾಕಿದ್ರೆ? ಕಣ್ಣಿಗೆ ಬಿಟ್ಟ ಹನಿಯಲ್ಲಿ ಒಳಗೆ ಹೋಗೋದು ನೂರಕ್ಕೆ 5ಕ್ಕಿಂತ ಕಡಿಮೆ, ಅದೂ ಮುಂಭಾಗದಲ್ಲೇ ಉಳೀತದೆ. ಹಿಂದಿನ ಪರದೆ ಬಹಳ ದೂರ. ಅದಕ್ಕೇ ಈಗ ಈ ಸಾರಗಳನ್ನ ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ತುಂಬಿ ಕಳಿಸೋ ಕೆಲಸ ಲ್ಯಾಬುಗಳಲ್ಲಿ ನಡೆದೈತೆ.

ಪೈಪರಿನ್ ಬರೀ ಕರ್ಕ್ಯುಮಿನ್‌ಗೆ ಬಾಗಿಲು ತೆಗೆಯಲ್ಲ. ಲಿವರಿನ ಅದೇ ಕಿಣ್ವಗಳ ಮೇಲೆ ನಿಂತಿರೋ ಬೇರೆ ಔಷಧಗಳ ಮಟ್ಟವನ್ನೂ ಏರಿಸ್ತದೆ. ಫಿಟ್ಸಿಗೆ ಕೊಡೋ ಫೆನಿಟಾಯಿನ್, ಬಿಪಿಗೆ ಕೊಡ್ತಿದ್ದ ಪ್ರೊಪ್ರನೊಲಾಲ್ ಇವುಗಳಲ್ಲಿ ಇದನ್ನ ತೋರಿಸ್ಯಾರೆ. "ಸೈಡ್ ಎಫೆಕ್ಟ್ ಇಲ್ಲ" ಅಂದವರು ಇದನ್ನೂ ಕೇಳಿಸಿಕೊಳ್ಳಿ: ಅರಿಶಿಣದ ಸಪ್ಲಿಮೆಂಟ್ ತಿಂದು ಲಿವರ್ ಕೆಟ್ಟ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗ್ಯಾವೆ, ಕೆಲವು ಡಬ್ಬಿಗಳಲ್ಲಿ ಪೈಪರಿನ್ ಇತ್ತು. ಸಾರಿಗೆ ಹಾಕೋ ಅರಿಶಿಣಕ್ಕೂ ಹೀರಿಕೆ ಹೆಚ್ಚಿಸಿದ ಕ್ಯಾಪ್ಸೂಲಿಗೂ ಸಂಬಂಧ ಇಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಆರೋಗ್ಯವಂತರಿಗೆ ವರ್ಷಗಟ್ಟಲೆ ಕೊಟ್ಟು, ಕಣ್ಣಿನ ನಾಳ ಬ್ಲಾಕ್ ಆದಾಗ ಯಾರ ದೃಷ್ಟಿ ಉಳೀತು ಅಂತ ನೋಡಬೇಕಂದ್ರೆ ಸಾವಿರಾರು ಜನ ಬೇಕು, ಯಾಕಂದ್ರೆ ಬ್ಲಾಕ್ ಆಗೋದು ಕೆಲವರಿಗೆ ಮಾತ್ರ. ಇಲಿ ಬೇರೆ. ಅದಕ್ಕೆ ಯಾವ ದಿನ, ಎಷ್ಟು ಹೊತ್ತಿಗೆ ಗಾಯ ಆಗ್ತದೆ ಅಂತ ಮೊದಲೇ ಗೊತ್ತು. ನೀವು ಸಿಗರೇಟಿನ ದುಡ್ಡಲ್ಲಿ ಕ್ಯಾಪ್ಸೂಲ್ ತಗೊಂಡ್ರೆ ನನಗೆ ಸಂತೋಷ, ಸಿಗರೇಟಿನ ಜೊತೆಗೆ ತಗೊಂಡ್ರೆ ಇಲ್ಲ.

ತೋರಣಗಲ್ಲು ಶಿಫ್ಟ್
ನಮ್ಮ ಮನೆಯವಳಿಗೆ ಇದನ್ನ ತೋರಿಸಲ್ಲ ಸರ್.

ಲೆನ್ಸ್ ಲಿಂಗಸುಗೂರು
ನಾನು ಕಣ್ಣು ತಪಾಸಣಿ ಮಾಡಾವ. ಮ್ಯಾಲಿನ ಚರ್ಚಿ ಓದಿದೆ. ಒಂದು ಮಾತು ಯಾರೂ ಬಿಡಿಸಿ ಹೇಳಿಲ್ಲ.

ಪರದೆ ಬ್ಲಾಕ್ ಅಂದ್ರ ಎಲ್ಲಾ ಒಂದ ಅಲ್ಲ. ಅಕ್ಕಾರ ಮಾವನವರಿಗೆ ಆಗಿದ್ದು ಶಿರೆ, ಅಂದ್ರ ರಕ್ತ ಹೊರಗ ಹೋಗೋ ದಾರಿ. ನೀರು ಜಿನುಗಿ ಬಾತಿರೋದನ್ನ ಇಂಜೆಕ್ಷನ್ ಇಳಸ್ತದ. ಒಂದು ಹಾಕಿಸ್ಕೊಂಡು ಬಿಟ್ರ ಮತ್ತ ಬಾತ್ಕೊಳ್ಳೋದು ಭಾಳ ಸಲ ನೋಡೀನಿ. ಪರದೆಯ ಪದರ ಪದರ ತೋರ್ಸೋ ಓಸಿಟಿ ಸ್ಕ್ಯಾನ್‌ನಾಗ ಕರ್ರಗ ಗುಳ್ಳಿಗುಳ್ಳಿ ಕಾಣ್ತಾವಲ್ಲ, ಅದ ಆ ನೀರು. ಮುಂದಿನ ಸಲ ಹ್ವಾದಾಗ ಹಳೇ ಸ್ಕ್ಯಾನು, ಹೊಸ ಸ್ಕ್ಯಾನು ಬಾಜೂಕ ಬಾಜೂಕ ಇಟ್ಟು ತೋರ್ಸ್ರಿ ಅಂತ ಕೇಳ್ರಿ. ಮಾವನವರು ತಮ್ಮ ಕಣ್ಣಿಲೆ ನೋಡಿದ್ರ ಹಟ ಬಿಡ್ತಾರ. ನಮ್ಮ ಮಾತಿಗಿಂತ ಚಿತ್ರಕ್ಕ ಕಿಮ್ಮತ್ತು ಜಾಸ್ತಿ.

ಅಪಧಮನಿ ಬ್ಲಾಕ್ ಆದ್ರ ಕಥಿನೇ ಬ್ಯಾರೆ. ಅದು ಕಣ್ಣಿಗೆ ಹೊಡೆಯೋ ಲಕ್ವಾ. ನೋವಿಲ್ಲ, ಕೆಂಪಿಲ್ಲ, ಒಂದು ಕಣ್ಣು ದಿಢೀರ್ ಅಂತ ಕತ್ತಲಿ. ನೋವಿಲ್ಲಲ್ಲ ಅಂತ ಮಂದಿ ಮನ್ಯಾಗ ಕುಂತುಬಿಡ್ತಾರ, ಬೆಳಿಗ್ಗಿ ನೋಡೂಣು ಅಂತಾರ, ಸಂತಿ ಮುಗಿಸಿ ಬರ್ತಾರ. ಪಂಜಾಬ್ ಮೂಲದ ಸೋಹನ್ ಸಿಂಗ್ ಹೇರೆ ಅಂತ ಡಾಕ್ಟ್ರು ಅಮೆರಿಕದ ಅಯೋವಾದಾಗ ಮಂಗ್ಯಾಗಳ ಮ್ಯಾಲ ಪರೀಕ್ಷಾ ಮಾಡಿದ್ರು. ಬಿಪಿ ಇದ್ದ ಮುದಿ ಮಂಗ್ಯಾಗಳ ಪರದೆ 97 ನಿಮಿಷದ ತನಕ ರಕ್ತ ಇಲ್ಲದ ತಡಕೊಳ್ತು. ಅಲ್ಲಿಂದ ಮುಂದ ಹೊತ್ತು ಏರಿದಂಗ ಹಾನಿ ಏರ್ತು. 240 ನಿಮಿಷಕ್ಕ, ಅಂದ್ರ 4 ತಾಸಿಗೆ, ಪರದೆ ವಾಪಸ್ ಬರ್ದಂಗ ಕೆಡ್ತು. ನಮ್ಮ ಕಡೆ ತಾಂಡಾದಿಂದ ಗಾಡಿ ಹಿಡಿದು ತಾಲೂಕಿಗೆ ಬಂದು, ಅಲ್ಲಿಂದ ರಾಯಚೂರು ಮುಟ್ಟೋದ್ರಾಗ ಎಷ್ಟು ಹೊತ್ತು ಅಂತ ನೀವ ಲೆಕ್ಕ ಹಾಕ್ರಿ.

ಒಂದು ಕಣ್ಣಿಗೆ ಹತ್ತು ನಿಮಿಷ ಮಬ್ಬು ಕವದು ತಾನ ಸರಿ ಹೋಗ್ತದಲ್ಲ, ಅದೂ ಸಣ್ಣ ಮಾತಲ್ಲ. ಕುತ್ತಿಗಿ ರಕ್ತನಾಳದಾಗ, ಇಲ್ಲಾ ಹೃದಯದಾಗ ಹೆಪ್ಪು ಕುಂತಿರಬಹುದು. ಕಣ್ಣಿನ ಡಾಕ್ಟ್ರ ಜೊತಿ ಲಕ್ವಾ ನೋಡೋ ದವಾಖಾನಿಗೂ ಹೋಗ್ಬೇಕು, ಅದ ದಿನ.

ವೈದ್ಯೆ ಕುಷ್ಟಗಿ
ನಾನು ಬಿಎಎಂಎಸ್. ಲೆನ್ಸ್ ಅಣ್ಣನವರ ಕೊನೆಯ ಮಾತಿಗೆ ನನ್ನ ಸಹಿ ಇದೆ. ದಿಢೀರ್ ದೃಷ್ಟಿ ಹೋದವರು ನನ್ನ ಬಳಿ ಬಂದರೆ ನಾನು ಕಷಾಯ ಬರೆದುಕೊಡುವುದಿಲ್ಲ, ಗಾಡಿ ಹತ್ತಿಸುತ್ತೇನೆ.

ಆದರೆ ಮಾಸ್ತರರ ಧಾಟಿಯ ಬಗ್ಗೆ ಸ್ವಲ್ಪ ತಕರಾರಿದೆ. ಗಿಡಮೂಲಿಕೆ ಎಂದರೆ ಬರೀ ಇಲಿಯ ಕಥೆ ಎಂಬಂತೆ ಓದುವವರಿಗೆ ಅನಿಸಬಾರದು. ಗ್ಲಾಕೋಮಾದಲ್ಲಿ ಕಣ್ಣಿನ ಪ್ರೆಶರ್ ಇಳಿಸಲು 1870ರ ದಶಕದಿಂದ ಬಳಸುತ್ತಿರುವ ಪಿಲೋಕಾರ್ಪಿನ್ ಬಂದದ್ದು ಬ್ರೆಜಿಲ್‌ನ ಜಬೊರಾಂಡಿ ಎಲೆಯಿಂದ. ಇಂದಿಗೂ ಹಠಾತ್ ಗ್ಲಾಕೋಮಾದಲ್ಲಿ ಅದನ್ನು ಹಾಕುತ್ತಾರೆ. ಅದೇ ಕಾಲದ ಫೈಸೊಸ್ಟಿಗ್ಮಿನ್ ಬಂದದ್ದು ಆಫ್ರಿಕಾದ ಒಂದು ವಿಷದ ಕಾಳಿನಿಂದ. ಪಾಪೆ ಹಿಗ್ಗಿಸುವ ಅಟ್ರೋಪಿನ್ ಬಂದದ್ದು ಬೆಲ್ಲಡೋನಾ ಗಿಡದಿಂದ. ಕಣ್ಣೊಳಗಿನ ಪ್ರೆಶರ್ ಏರಿ ರಕ್ತ ನಿಲ್ಲುವುದೇ ಆ ಇಲಿ ಪ್ರಯೋಗದ ಗಾಯ ಎಂದಾದರೆ, ಆ ಗಾಯವನ್ನು ಮನುಷ್ಯರಲ್ಲಿ ತಡೆಯುವ ಸಸ್ಯದ ಔಷಧ ನೂರೈವತ್ತು ವರ್ಷದಿಂದ ಅಂಗಡಿಯಲ್ಲಿದೆ. ಇದನ್ನೂ ಹೇಳಬೇಕಲ್ಲವೇ?

ಗುಳಿಗಿ ಮಾಸ್ತರ
ಹೇಳಬೇಕು ಮೇಡಂ, ಒಪ್ಪಿದೆ. ನೀವು ಹೇಳಿದ್ದರಿಂದ ನನ್ನ ಮಾತೂ ಸ್ಪಷ್ಟ ಆಯ್ತು. ಆ ಇಲಿ ಮಾದರಿಗೆ ಮನುಷ್ಯರಲ್ಲಿ ಹತ್ತಿರದ ಕಾಯಿಲೆ ಹಠಾತ್ ಗ್ಲಾಕೋಮಾ. ಅಕ್ಕನ ಮಾವನವರ ಶಿರೆ ಬ್ಲಾಕ್ ಅಲ್ಲ. ಮಾರೋನು ಲೇಖನ ತೋರಿಸಿದ್ದು ಒಂದು ರೋಗದ್ದು, ಡಬ್ಬಿ ಕೊಟ್ಟದ್ದು ಇನ್ನೊಂದಕ್ಕೆ.

ಪಿಲೋಕಾರ್ಪಿನ್ ಗೆದ್ದದ್ದು ಯಾಕಂದ್ರೆ ಅದು ಕೋಶ ಕಾಪಾಡಕ್ಕೆ ಹೋಗಲಿಲ್ಲ. ಪಾಪೆ ಕಿರಿದು ಮಾಡಿ, ನೀರು ಹೊರಗೆ ಹೋಗೋ ದಾರಿ ತೆರೀತು, ಒತ್ತಡ ಇಳೀತು. ಫಲವನ್ನ ಅಳತೆ ಮಾಡಿ ನೋಡಬಹುದಾಗಿತ್ತು. ನೇರವಾಗಿ ನರಕೋಶ ಕಾಪಾಡೋ ಔಷಧದ ದಾರಿ ಬಹಳ ಕಷ್ಟದ್ದು. ಮೆಮಾಂಟಿನ್ ಅಂತ ಮರೆವಿನ ಕಾಯಿಲೆಗೆ ಕೊಡೋ ಮಾತ್ರೆ ಐತೆ. ಸಸ್ಯದ್ದಲ್ಲ, ಕಾರ್ಖಾನೆಯದು. ನಾನು ಮೇಲೆ ಹೇಳಿದ ಗ್ಲುಟಮೇಟ್ ಬಾಗಿಲನ್ನೇ ಅದು ಮುಚ್ತದೆ. ಇಲಿಯಲ್ಲಿ, ಮಂಗದಲ್ಲಿ ಪರದೆ ಕಾಪಾಡ್ತು. ಗ್ಲಾಕೋಮಾ ಇದ್ದ 2 ಸಾವಿರಕ್ಕೂ ಹೆಚ್ಚು ಜನರಿಗೆ 4 ವರ್ಷ ಕೊಟ್ಟು ನೋಡಿದ್ರು, ಫಲಿತಾಂಶ 2018ರಲ್ಲಿ ಬಂತು: ಸಕ್ಕರೆ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ. ಮಂಗ ದಾಟಿ ಬಂದ ಔಷಧವೇ ಮನುಷ್ಯರಲ್ಲಿ ಬಿದ್ದಾಗ, ಇಲಿಯಲ್ಲೇ ನಿಂತ ಸಾರದ ಹೆಸರಲ್ಲಿ ಇಂಜೆಕ್ಷನ್ ಬಿಡಿಸೋದನ್ನ ನಾನು ಒಪ್ಪಲ್ಲ. ನನ್ನ ತಕರಾರು ಅರಿಶಿಣದ ಮೇಲಲ್ಲ.

ಬಿಸಿಲ ನಾಡು
ಅಂದ್ರ ಲ್ಯೂಟಿನ್ನೂ ಸುಳ್ಳ? ದೊಡ್ಡ ದೊಡ್ಡ ಕಣ್ಣಿನ ಡಾಕ್ಟ್ರೇ ಬರ್ಕೊಡ್ತಾರಲ್ಲ. ಪೇಟೆಂಟ್ ಮಾತಿಗೆ ಯಾಕ ಉತ್ತರ ಇಲ್ಲ?

ಗುಳಿಗಿ ಮಾಸ್ತರ
ಪೇಟೆಂಟ್ ಕೊಟ್ಟದ್ದು 1995ರಲ್ಲಿ, ಗಾಯ ಮಾಯಿಸೋ ಗುಣಕ್ಕೆ. ನಮ್ಮ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೇ ಗ್ರಂಥಗಳ ದಾಖಲೆ ಇಟ್ಟು ವಾದಿಸಿ 1997ರಲ್ಲಿ ರದ್ದು ಮಾಡಿಸ್ತು. ಕಣ್ಣಿನ ಪರದೆಗೂ ಅದಕ್ಕೂ ನಂಟಿಲ್ಲ.

ಲ್ಯೂಟಿನ್ ಬರ್ಕೊಡೋದು ನಿಜ. ಅದು ವಯಸ್ಸಾದವರ ಮ್ಯಾಕುಲಾ, ಅಂದ್ರೆ ಪರದೆಯ ನಡುಭಾಗ, ಸವೆಯೋದಕ್ಕೆ. ಅಮೆರಿಕದ ಎಆರ್‌ಇಡಿಎಸ್2 ಅನ್ನೋ ದೊಡ್ಡ ಪ್ರಯೋಗದಲ್ಲಿ 10 ಮಿಲಿಗ್ರಾಂ ಲ್ಯೂಟಿನ್, 2 ಮಿಲಿಗ್ರಾಂ ಜಿಯಾಕ್ಸಾಂಥಿನ್ ಕೊಟ್ಟು ನೋಡಿ 2013ರಲ್ಲಿ ಪ್ರಕಟಿಸಿದ್ರು. ಈ ಸವೆತಕ್ಕೆ ಮೊದಲು ಕೊಡ್ತಿದ್ದ ಹಳೇ ಮಿಶ್ರಣದಲ್ಲಿದ್ದ ಬೀಟಾ ಕ್ಯಾರೋಟಿನ್ ಸಿಗರೇಟು ಸೇದೋರಿಗೆ ಶ್ವಾಸಕೋಶದ ಕ್ಯಾನ್ಸರ್ ಭಯ ತರ್ತಿತ್ತು, ಅದರ ಜಾಗಕ್ಕೆ ಲ್ಯೂಟಿನ್ ಬಂತು. ಅದು ಇರೋ ಸವೆತ ಮುಂದುವರಿಯೋದನ್ನ ನಿಧಾನ ಮಾಡಕ್ಕೆ, ರಕ್ತನಾಳದ ಬ್ಲಾಕಿಗಲ್ಲ. ಬ್ಲಾಕಿನ ವಿಷಯದಲ್ಲಿ ಲ್ಯೂಟಿನ್ ಬಗ್ಗೆ ಇರೋದು ಮತ್ತದೇ ಇಲಿ ಲೆಕ್ಕ.

ಕನಕಗಿರಿ ಹೊಲ
ಲ್ಯೂಟಿನ್ ಅಂದ್ರ ನಮ್ಮ ಚೆಂಡು ಹೂವಿಂದ ತಗೀತಾರ, ಅಲ್ಲೇನ್ರಿ? ಕಂಪನಿಯವ್ರು ಬೀಜ ಕೊಟ್ಟು ಬೆಳಸ್ತಾರ. ಹೂವು ಒಯ್ದು ಒಣಗಿಸಿ ಏನು ಮಾಡ್ತಾರ ಅಂತ ಯಾರೂ ಹೇಳಿದ್ದಿಲ್ಲ. ಕೋಳಿ ತತ್ತಿ ಹಳದಿ ಮಾಡಾಕ ಅಂತ ಒಬ್ಬಾವ ಅಂದಿದ್ದ, ನಾವು ನಕ್ಕಿದ್ವಿ.

ಗುಳಿಗಿ ಮಾಸ್ತರ
ಅವ ಖರೇನೇ ಹೇಳ್ಯಾನೆ ಅಣ್ಣಾರೆ. ಎಸಳು ಒಣಗಿಸಿ, ದ್ರಾವಕ ಹಾಕಿ, ಅಂಟಂಟಾದ ಸಾರ ತೆಗೀತಾರೆ. ಅದರಲ್ಲಿ ದೊಡ್ಡ ಪಾಲು ಕೋಳಿ ಮೇವಿಗೆ ಹೋಗ್ತದೆ, ತತ್ತಿಯ ಭಂಡಾರ ಬಣ್ಣ ಬರಲಿ ಅಂತ. ಶುದ್ಧ ಮಾಡಿದ್ದು ಕ್ಯಾಪ್ಸೂಲಿಗೆ. ತತ್ತಿ ತಿನ್ನೋರಿಗೆ ಲ್ಯೂಟಿನ್ ಅಲ್ಲೇ ಸಿಗ್ತದೆ. ಇಲ್ಲದಿದ್ರೆ ಮೆಂತ್ಯ, ಪಾಲಕ್, ನುಗ್ಗೆ ಸೊಪ್ಪು. ಕೊಬ್ಬಿನ ಜೊತೆ ಚೆನ್ನಾಗಿ ಹೀರಿಕೊಳ್ತದೆ, ಒಗ್ಗರಣೆಗೆ ಎಣ್ಣೆ ಹಾಕ್ತೀವಲ್ಲ, ಅಷ್ಟು ಸಾಕು.

ರಕ್ತ ತೆಳು ಮಾಡೋ ವಾರ್ಫರಿನ್, ಅಸೆನೊಕೌಮರಾಲ್ ತಗೊಳ್ಳೋರು ಮಾತ್ರ ಹಸಿರು ಸೊಪ್ಪನ್ನ ಒಮ್ಮೆಗೇ ಏರಿಸೋದು, ಇಳಿಸೋದು ಮಾಡಬಾರದು, ವಿಟಮಿನ್ ಕೆ ಲೆಕ್ಕ ತಪ್ತದೆ. ದಿನಾ ಒಂದೇ ಅಂದಾಜಲ್ಲಿ ತಿನ್ನಿ.

ಸಿಂಧನೂರು ಸೊಸೆ
ಮಾಸ್ತರ, ನಮ್ಮ ಮಾವನವರು ಆಸ್ಪಿರಿನ್ ಸಣ್ಣ ಗುಳಿಗಿ ತಗೋತಾರ. ಡಬ್ಬಿ ಹಿಂದ ಸಣ್ಣ ಅಕ್ಷರದಾಗ "ನಾಟ್ ಫಾರ್ ಮೆಡಿಸಿನಲ್ ಯೂಸ್" ಅಂತ ಇಂಗ್ಲಿಷ್‌ನಾಗ ಅದ, ಈಗ ನೋಡ್ದೆ.

ಗುಳಿಗಿ ಮಾಸ್ತರ
ಸಪ್ಲಿಮೆಂಟ್ ಡಬ್ಬಿ ಮೇಲೆ ಅದನ್ನ ಬರೀಲೇಬೇಕು ಅಂತ ಆಹಾರ ಸುರಕ್ಷತೆಯ ನಿಯಮ ಐತೆ. ಔಷಧಕ್ಕೆ ಬಳಸೋದಲ್ಲ ಅಂತ ಅದರ ಅರ್ಥ. ಬಾಯಲ್ಲಿ ಔಷಧ ಅಂತಾರೆ, ಡಬ್ಬಿ ಮೇಲೆ ಅಲ್ಲ ಅಂತ ಬರೀತಾರೆ. ಮಾವನವರಿಗೆ ಆ ಸಾಲನ್ನ ಓದಿ ಹೇಳಿ.

ಆಸ್ಪಿರಿನ್ ಇದ್ದಲ್ಲಿ ಗಿಂಕ್ಗೊ ಬೇಡ, ರಕ್ತಸ್ರಾವದ ಭಯ ಹೆಚ್ಚು. ಶಿರೆ ಬ್ಲಾಕ್ ಆದ ಪರದೆಯಲ್ಲಿ ಮೊದಲೇ ರಕ್ತ ಜಿನುಗಿರ್ತದೆ. ಡಬ್ಬಿಯನ್ನೇ ಚೀಲದಲ್ಲಿ ಹಾಕ್ಕೊಂಡು ಡಾಕ್ಟ್ರ ಮುಂದೆ ಇಡಿ, ಬಿಪಿ ಗುಳಿಗಿ ಪಟ್ಟಿಯನ್ನೂ ಇಡಿ. ಇನ್ನೊಂದು ಕಣ್ಣು ಉಳೀಬೇಕಂದ್ರೆ ಆ ಪಟ್ಟಿಯಲ್ಲಿರೋದನ್ನ ದಿನಾ ನುಂಗಿಸೋದೇ ಮೊದಲ ಕೆಲಸ.

ಲೆನ್ಸ್ ಲಿಂಗಸುಗೂರು
ಡಬ್ಬಿ ಹೊಟ್ಟಿಗೆ ಹೋಗ್ತದ. ನನಗ ಅದಕ್ಕಿಂತ ಹೆಚ್ಚು ಭಯ ನೇರ ಕಣ್ಣಿಗೆ ಹಿಂಡೋದ್ರ ಮ್ಯಾಲ. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಹರಳೆಣ್ಣಿ, ಎಲ್ಲಾ ನೋಡೀನಿ. ಎಕ್ಕಿ ಹಾಲು ಸಿಡಿದು ಬಂದವ್ರು ಅಂತೂ ವರ್ಷಾ ಬರ್ತಾರ. ನೋವು ಭಾಳ ಇರಂಗಿಲ್ಲ, ಆದ್ರ ಕಣ್ಣಿನ ಮುಂದಿನ ಗಾಜಿನಂಥ ಪದರ ಬಾತು ಮಂಜು ಕವದಂಗ ಆಗಿರ್ತದ. ನೀರಿಲೆ ಭಾಳ ಹೊತ್ತು ತೊಳದು ಬರ್ರಿ ಅಂತ ಹೇಳೂದ ನಮ್ಮ ಕೆಲಸ ಆಗ್ಯದ.

ಕನಕಗಿರಿ ಹೊಲ
ನಮ್ಮೂರಾಗ ಕಳೆ ಕೀಳೋ ಹೆಣ್ಮಗಳಿಗೆ ಮದಗುಣಕಿ ಗಿಡ ಕಿತ್ತ ಕೈ ಕಣ್ಣಿಗೆ ತಾಗಿ ಒಂದ ಕಣ್ಣಿನ ಗೊಂಬಿ ದೊಡ್ಡದಾಗಿತ್ತು. ದೆವ್ವ ಬಡದೈತಿ ಅಂದ್ರು.

ವೈದ್ಯೆ ಕುಷ್ಟಗಿ
ಮದಗುಣಕಿಯಲ್ಲಿ ಅಟ್ರೋಪಿನ್ ಜಾತಿಯ ಕ್ಷಾರಗಳಿವೆ, ಪಾಪೆ ಹಿಗ್ಗುವುದು ಅದರಿಂದಲೇ. ಒಂದೆರಡು ದಿನದಲ್ಲಿ ಹೆಚ್ಚಾಗಿ ತಾನೇ ಇಳಿಯುತ್ತದೆ. ಆದರೆ ಕಣ್ಣಿನ ಕೋನ ಮೊದಲೇ ಕಿರಿದಾಗಿರುವವರಲ್ಲಿ ಪಾಪೆ ಹಿಗ್ಗಿದರೆ ನೀರು ಹೋಗುವ ದಾರಿ ಮುಚ್ಚಿ, ಮಾಸ್ತರರು ಹೇಳಿದ ಬಾಟ್ಲಿ ಏರಿಸಿದ ಸ್ಥಿತಿಯೇ ಬರಬಹುದು: ಕಣ್ಣು, ತಲೆ ಸಿಡಿಯುವ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ಒಂದೇ ಜಾತಿಯ ಕ್ಷಾರ ಡಾಕ್ಟರ ಕೈಯಲ್ಲಿ ಔಷಧ, ಹೊಲದಲ್ಲಿ ಅಪಾಯ.

ಕೇಸರಿಯ ಮಾತು ಮೇಲೆ ಬಂದು ಹಾಗೇ ಬಿಟ್ಟುಹೋಗಿದೆ. ಇಟಲಿಯಲ್ಲಿ 2010ರಲ್ಲಿ ಮ್ಯಾಕುಲಾ ಸವೆತ ಇದ್ದ 25 ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಕೇಸರಿ ಕೊಟ್ಟು, ಪರದೆಯ ಸ್ಪಂದನೆ ಸ್ವಲ್ಪ ಸುಧಾರಿಸಿದ್ದನ್ನು ಕಂಡಿದ್ದಾರೆ. ಸಣ್ಣ ಪ್ರಯೋಗ, ಅದೂ ಬ್ಲಾಕಿಗಲ್ಲ. ಆದರೂ ಮನುಷ್ಯರ ಮೇಲೆ ನಡೆದದ್ದು, ಆದ್ದರಿಂದ ಹೇಳಿದೆ. ನಮ್ಮ ಕಡೆ ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕೇಸರಿ ಮಾತ್ರ ಬಹಳಷ್ಟು ಸಲ ಕುಸುಬೆಯ ಎಸಳು. ಬಣ್ಣ ಬರುತ್ತದೆ, ಕ್ರೋಸಿನ್ ಬರುವುದಿಲ್ಲ.

ಸಿಂಧನೂರು ಸೊಸೆ
ಡಬ್ಬಿ ಮ್ಯಾಲಿನ ಸಾಲು ಓದಿ ಹೇಳ್ದೆ. "ಹಂಗಂದ್ರ ರೊಕ್ಕ ವಾಪಸ್ ಕೊಡಸು" ಅಂದ್ರು. ಮುಂದಿನ ಇಂಜೆಕ್ಷನ್‌ಗೆ ಬರ್ತೀನಿ ಅಂದಾರ, ಸ್ಕ್ಯಾನ್ ತಾವ ನೋಡ್ಬೇಕಂತ.

ಕನಕಗಿರಿ ಹೊಲ
ಕಡೀಕ ಒಂದು ಕೇಳ್ತೀನ್ರಿ. ಚೆಂಡು ಹೂವಿನ ಎಸಳು ಕುದಿಸಿ ಕುಡದ್ರ? ಹೊಲ್ದಾಗ ರಗಡ ಬಿದ್ದೈತಿ.

ಗುಳಿಗಿ ಮಾಸ್ತರ
ಲ್ಯೂಟಿನ್ ನೀರಿಗೆ ಬಿಡಲ್ಲ ಅಣ್ಣಾರೆ, ಎಣ್ಣೆಗೆ ಬಿಡ್ತದೆ. ಕುದಿಸಿದ ನೀರಲ್ಲಿ ಬರೋದು ಬೇರೇನೋ. ಅದಕ್ಕಿಂತ ಮುಖ್ಯ, ಹೂವಿಗೆ ಹುಳದ ಔಷಧ ಹೊಡೆದು ಎಷ್ಟು ದಿನ ಆಯ್ತು?

ಕನಕಗಿರಿ ಹೊಲ
ಮೊನ್ನಿ ಹೊಡದೀನಿ. ಬಿಡ್ರಿ, ಕುಡಿಯಂಗಿಲ್ಲ.